ಗ್ಯಾರಮಂಡ್, ಬ್ಯಾಸ್ಕರ್‌ವಿಲ್, ಬೊಡೋನಿ: ಆರಿಸುವ ಮುಂಚೆ ತೆಳುಗೆರೆ ನೋಡಿ

"ಸ್ವಲ್ಪ ರಿಚ್ ಆಗಿ ಕಾಣಬೇಕು ಸಾರ್, ಆದ್ರೆ ಜಾಸ್ತಿ ಆಡಂಬರ ಬೇಡ." ಮದುವೆ ಕಾರ್ಡು ಮಾಡಿಸಲು ಬರುವವರಿಂದ ಹಿಡಿದು ಸೀರೆ ಅಂಗಡಿಗೆ ಲೋಗೋ ಕೇಳುವವರ ತನಕ ಎಲ್ಲರೂ ನನ್ನ ಹತ್ತಿರ ಹೇಳುವ ಮಾತು ಇದೇ. ಹೀಗೆ ಹೇಳುವವರ ಮನಸ್ಸಿನಲ್ಲಿ ಇಂಗ್ಲಿಷಿಗೆ ಒಂದು ಸೆರಿಫ್ ಫಾಂಟು ಇರುತ್ತದೆ. ಅಂದರೆ ಅಕ್ಷರದ ತಲೆಗೂ ಕಾಲಿಗೂ ಚಿಕ್ಕ ಚಾಚು ಇರುವ ಜಾತಿ. ಹೆಸರು ಗೊತ್ತಿರುವುದಿಲ್ಲ. ಮೊಬೈಲ್ ತೆಗೆದು ಯಾವುದೋ ಫೋಟೋ ತೋರಿಸಿ "ಈ ಥರ" ಅನ್ನುತ್ತಾರೆ. ಆ ಫೋಟೋದಲ್ಲಿ ಇರುವುದು ಬಹಳ ಸಲ ಗ್ಯಾರಮಂಡ್, ಬ್ಯಾಸ್ಕರ್‌ವಿಲ್, ಬೊಡೋನಿ ಈ ಮೂರು ಮನೆತನಗಳಲ್ಲಿ ಒಂದು. ಮೂರೂ ಚೆಂದವೇ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಕೆಲಸ ಕೆಡುತ್ತದೆ.

ಹೇಗೆ ಕೆಡುತ್ತದೆ ಅಂತ ನಾನು ಕಲಿತದ್ದು ಒಂದು ಮದುವೆ ಕಾರ್ಡಿನಲ್ಲಿ. ಹುಡುಗಿ ಕಡೆಯವರು ಹಾಸನದವರು. ಕಾರ್ಡು ತರಿತರಿಯಾದ ಹ್ಯಾಂಡ್‌ಮೇಡ್ ಕಾಗದದ್ದು, ಅಕ್ಷರಕ್ಕೆ ಬಂಗಾರದ ಫಾಯಿಲ್. ವಧೂವರರ ಹೆಸರಿಗೆ ಬೊಡೋನಿ ಹಾಕಿದ್ದೆ, ಭರ್ಜರಿಯಾಗಿ ಕಾಣುತ್ತಿತ್ತು. ಅದೇ ಗುಂಗಿನಲ್ಲಿ ಕಲ್ಯಾಣ ಮಂಟಪದ ವಿಳಾಸಕ್ಕೂ ಅದನ್ನೇ 7 ಪಾಯಿಂಟಿನಲ್ಲಿ ಹಾಕಿಬಿಟ್ಟೆ. ಸ್ಕ್ರೀನಿನಲ್ಲಿ 400 ಪರ್ಸೆಂಟ್ ಝೂಮ್ ಮಾಡಿ ನೋಡಿ ಖುಷಿಪಟ್ಟವನೂ ನಾನೇ. ಕಾರ್ಡು ಅಚ್ಚಾಗಿ ಬಂದಾಗ ಹಾಸನದ ‘ಎಚ್’ ಮಾಯ. ನಡುವಿನ ಅಡ್ಡಗೆರೆ ಕಾಗದದ ತರಿಯೊಳಗೆ ಮುಳುಗಿ ಎರಡು ಕಂಬ ಮಾತ್ರ ನಿಂತಿದ್ದವು. ಚಿಕ್ಕ ‘ಇ’ಗಳೆಲ್ಲ ಹೊಟ್ಟೆಗೆರೆ ಕಳೆದುಕೊಂಡು ‘ಸಿ’ ಆಗಿದ್ದವು. ಪ್ರೆಸ್ಸಿನವರನ್ನು ದೂರುವ ಹಾಗಿರಲಿಲ್ಲ. ನಾನು ಕೊಟ್ಟದ್ದನ್ನೇ ಅವರು ಒತ್ತಿದ್ದರು. 300 ಕಾರ್ಡಿನ ದುಡ್ಡು ನನ್ನ ಕೈಯಿಂದ ಹೋಯಿತು.

ಅವತ್ತಿನಿಂದ ಯಾವ ಫಾಂಟು ಬಂದರೂ ನಾನು ಮೊದಲು ಹುಡುಕುವುದು ಅದರ ಅತಿ ತೆಳು ಗೆರೆಯನ್ನು. ಸೆರಿಫ್ ಫಾಂಟಿಗೆ ಅಂದ ಬರುವುದೇ ದಪ್ಪ ಗೆರೆಗೂ ತೆಳು ಗೆರೆಗೂ ಇರುವ ಅಂತರದಿಂದ. ಅಂತರ ಹೆಚ್ಚಿದಷ್ಟು ನಾಜೂಕು, ಹೆಚ್ಚಿದಷ್ಟು ಅಪಾಯ. ಆ ತೆಳುಗೆರೆ ನಿಮ್ಮ ಕಾಗದದ ಮೇಲೆ, ನಿಮ್ಮ ಸೈಜಿನಲ್ಲಿ, ನಿಮ್ಮ ಸ್ಕ್ರೀನಿನಲ್ಲಿ ಉಳಿಯುತ್ತದಾ? ಅಷ್ಟು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ನಮಗೆ ಕನ್ನಡದವರಿಗೆ ಈ ದಪ್ಪ-ತೆಳುವಿನ ವಿಷಯ ಸ್ವಲ್ಪ ಹೊರಗಿನದು. ನಮ್ಮ ಅಕ್ಷರ ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಬಂದದ್ದು. ಕಂಟದ ಮೊನೆ ಎತ್ತ ತಿರುಗಿದರೂ ಗೆರೆಯ ದಪ್ಪ ಒಂದೇ. ಇಂಗ್ಲಿಷಿನ ಚಿಕ್ಕಕ್ಷರಗಳು ಬೆಳೆದದ್ದು ಅಗಲ ಮೊನೆಯ ಲೇಖನಿಯಲ್ಲಿ. ಅದನ್ನು ಓರೆಯಾಗಿ ಹಿಡಿದು ಎಳೆದರೆ ಒಂದು ಕಡೆ ದಪ್ಪ ಬರುತ್ತದೆ, ಇನ್ನೊಂದು ಕಡೆ ತೆಳು. ಈ ಮೂರು ಫಾಂಟುಗಳು ಆ ಲೇಖನಿಯನ್ನು ಎಷ್ಟು ನೆನಪಿಟ್ಟುಕೊಂಡಿವೆ ಅಂತ ನೋಡಿ. ಗ್ಯಾರಮಂಡ್‌ನಲ್ಲಿ ಲೇಖನಿ ಇನ್ನೂ ಕೈಯಲ್ಲೇ ಇದೆ. ಬ್ಯಾಸ್ಕರ್‌ವಿಲ್‌ನಲ್ಲಿ ಅದು ನೆಟ್ಟಗೆ ನಿಂತಿದೆ. ಬೊಡೋನಿಗೆ ಬರುವ ಹೊತ್ತಿಗೆ ಲೇಖನಿ ಹೋಗಿ ಸ್ಕೇಲು, ಕೈವಾರ ಬಂದಿವೆ.

ಗ್ಯಾರಮಂಡ್: ಓದಿಸಿಕೊಂಡು ಹೋಗುವ ಅಕ್ಷರ

ಕ್ಲೋಡ್ ಗ್ಯಾರಮಂಡ್ 16ನೇ ಶತಮಾನದ ಪ್ಯಾರಿಸ್ಸಿನವನು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರ ಕೆತ್ತಿ ಅಚ್ಚುಮೊಳೆಗೆ ಮೂಲ ರೂಪ ಕೊಡುವುದು ಅವನ ಕಸುಬು. 1561ರಲ್ಲಿ ತೀರಿಕೊಂಡ. ಅವನು ಕೆತ್ತಿದ ಕೆಲವು ಮೂಲ ಕಡ್ಡಿಗಳು ಆಂಟ್‌ವರ್ಪ್‌ನ ಪ್ಲಾಂಟಿನ್-ಮೊರೆಟಸ್ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಇವೆ.

ಅಕ್ಷರವನ್ನು ಹತ್ತಿರದಿಂದ ನೋಡಿ. ಚಿಕ್ಕ ‘ಇ’ಯ ಮೇಲಿನ ಕಣ್ಣು ತುಂಬ ಸಣ್ಣದು, ಅಡ್ಡಗೆರೆ ಮೇಲಕ್ಕೆ ಏರಿ ಕೂತಿದೆ. ಆ್ಯಪಲ್ ಬರೆಯುವ ಚಿಕ್ಕ ‘ಎ’ಯ ಹೊಟ್ಟೆಯೂ ಪುಟ್ಟದೇ. ದೊಡ್ಡ ‘ಟಿ’ಯ ಎರಡು ತೋಳಿನ ತುದಿ ಒಂದೇ ಥರ ಇಲ್ಲ, ಒಂದು ವಾಲಿದೆ, ಇನ್ನೊಂದು ನೆಟ್ಟಗಿದೆ. ಸೆರಿಫ್ ಕಂಬಕ್ಕೆ ಸೇರುವ ಜಾಗ ಮರದ ಬುಡ ನೆಲಕ್ಕೆ ಸೇರುವ ಹಾಗೆ ಮೆಲ್ಲಗೆ ಅಗಲವಾಗುತ್ತದೆ. ತೆಳುಗೆರೆ ಇದೆ, ಆದರೆ ಕೂದಲಿನಷ್ಟು ತೆಳುವಲ್ಲ. ಹಾಗಾಗಿ ಪುಸ್ತಕದ ಒಳಪುಟಕ್ಕೆ ಇದು ಹೇಳಿಮಾಡಿಸಿದ್ದು. 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಡೆಮಿ 1/8 ಸೈಜು, 200 ಪುಟ, ಅಂದರೆ ನಮ್ಮ ಮಾಮೂಲಿ ಕಥೆ-ಕಾದಂಬರಿಯಂಥ ಪುಸ್ತಕ ಬಂದರೆ ನಾನು ಬೇರೆ ಯೋಚನೆಯನ್ನೇ ಮಾಡುವುದಿಲ್ಲ.

ಇಲ್ಲಿ ಒಂದು ಮಜಾ ಇದೆ. ‘ಗ್ಯಾರಮಂಡ್’ ಅಂತ ಹೆಸರಿದ್ದ ಮಾತ್ರಕ್ಕೆ ಅದು ಗ್ಯಾರಮಂಡ್ ಆಗಿರಬೇಕು ಅಂತಿಲ್ಲ. ಫ್ರಾನ್ಸಿನ ರಾಜಮುದ್ರಣಾಲಯದಲ್ಲಿದ್ದ ಒಂದು ಸೆಟ್ ಮೊಳೆಯನ್ನು ಬಹಳ ಕಾಲ ಅವನದೇ ಅಂತ ನಂಬಿದ್ದರು. ಅದನ್ನು ನೋಡಿಕೊಂಡು ಹೊಸ ಫಾಂಟುಗಳನ್ನೂ ಮಾಡಿದರು. 1926ರಲ್ಲಿ ಪಾಲ್ ಬೋಜಾನ್ ಅನ್ನುವವರು ಒಂದು ಲೇಖನ ಬರೆದು, ಇದು ಅವನದಲ್ಲ, ಅವನು ಸತ್ತ ಮೇಲೆ ಹುಟ್ಟಿದ ಝಾನ್ ಝನೋನ್ ಎಂಬಾತನದು ಅಂತ ತೋರಿಸಿಕೊಟ್ಟರು. ಆಮೇಲೆ ಗೊತ್ತಾಯಿತು, ಪಾಲ್ ಬೋಜಾನ್ ಕೂಡ ಬರೀ ಹೆಸರೇ. ಹಿಂದೆ ಇದ್ದವರು ಬಿಯಾಟ್ರಿಸ್ ವಾರ್ಡ್ ಎಂಬ ಹೆಣ್ಣುಮಗಳು! ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ‘ಗ್ಯಾರಮಂಡ್’ ಅಂತ ಬರುವುದು ಮೋನೋಟೈಪ್ ಕಂಪನಿಯದು, ಅಂದರೆ ಝನೋನ್‌ನ ವಂಶ. ಕೆಟ್ಟದ್ದೇನಲ್ಲ. ಆದರೆ ಗೆರೆ ಸ್ವಲ್ಪ ತೆಳು, ಓರೆ ಸ್ವಲ್ಪ ಜಾಸ್ತಿ. ನಮ್ಮ ಲೇಸರ್ ಪ್ರಿಂಟಿನಲ್ಲಿ ಬಡಕಲಾಗಿ ಬರುತ್ತದೆ ಅಂತ ನನಗೆ ಅನ್ನಿಸಿದೆ.

ಅಸಲಿಗೆ ಹತ್ತಿರದ್ದು, ಅದೂ ಪುಕ್ಕಟೆಯಾಗಿ ಬೇಕಾದರೆ ‘ಇಬಿ ಗ್ಯಾರಮಂಡ್’ ತೆಗೆದುಕೊಳ್ಳಿ. ಇಬಿ ಅಂದರೆ ಎಗೆನಾಲ್ಫ್-ಬರ್ನರ್. 1592ರಲ್ಲಿ ಫ್ರಾಂಕ್‌ಫರ್ಟ್‌ನ ಆ ಮೊಳೆ ಅಂಗಡಿ ಹೊರತಂದ ಒಂದು ಮಾದರಿ ಹಾಳೆಯನ್ನು ನೋಡಿ ಗೆಯೋರ್ಗ್ ಡುಫ್ನರ್ ಇದನ್ನು ಶುರು ಮಾಡಿದರು, ಒಕ್ಟಾವಿಯೋ ಪಾರ್ಡೋ ಮುಂದುವರಿಸಿದರು. ನೆಟ್ಟನೆಯ ಅಕ್ಷರ ಗ್ಯಾರಮಂಡ್‌ನದು, ಇಟಾಲಿಕ್ ಅದೇ ಕಾಲದ ರೊಬೇರ್ ಗ್ರಾನ್‌ಝೋನ್‌ನದು. ದುಡ್ಡು ಕೊಡುವವರಿಗೆ ರಾಬರ್ಟ್ ಸ್ಲಿಂಬ್ಯಾಕ್ 1989ರಲ್ಲಿ ಮಾಡಿದ ಅಡೋಬಿ ಗ್ಯಾರಮಂಡ್ ಇದೆ, ಯಾನ್ ಚಿಕೋಲ್ಡ್ 1967ರಲ್ಲಿ ಕೊಟ್ಟ ಸಬಾನ್ ಇದೆ.

ಗ್ಯಾರಮಂಡ್ ಸೈಜಿನ ವಿಷಯದಲ್ಲಿ ಮೋಸ ಮಾಡುತ್ತದೆ. ಇದರ ಚಿಕ್ಕಕ್ಷರಗಳ ಮೈ ಗಿಡ್ಡ. 11 ಪಾಯಿಂಟ್ ಇಟ್ಟರೂ ಬೇರೆ ಫಾಂಟಿನ 10ರ ಹಾಗೆ ಕಾಣುತ್ತದೆ. 2014ರಲ್ಲಿ ಅಮೆರಿಕದ ಒಬ್ಬ ಶಾಲಾ ಹುಡುಗ, ಸರ್ಕಾರ ತನ್ನ ಕಾಗದಪತ್ರವನ್ನೆಲ್ಲ ಗ್ಯಾರಮಂಡ್‌ನಲ್ಲಿ ಅಚ್ಚು ಹಾಕಿದರೆ ಕೋಟಿಗಟ್ಟಲೆ ಡಾಲರಿನ ಶಾಯಿ ಉಳಿಯುತ್ತದೆ ಅಂತ ಲೆಕ್ಕ ಕೊಟ್ಟ. ಜಗತ್ತೆಲ್ಲ ಚಪ್ಪಾಳೆ ತಟ್ಟಿತು. ಫಾಂಟು ಮಾಡುವವರು ಮಾತ್ರ ನಕ್ಕರು. ಅಕ್ಷರವೇ ಚಿಕ್ಕದಿದ್ದರೆ ಶಾಯಿ ಕಡಿಮೆ ಹಿಡಿಯಲೇಬೇಕು, ಅಲ್ವಾ? ಬೇರೆ ಫಾಂಟನ್ನೂ ಅಷ್ಟೇ ಚಿಕ್ಕದು ಮಾಡಿದರೆ ಅದೂ ಉಳಿಸುತ್ತದೆ. ಆದ್ದರಿಂದ ಅಜ್ಜ ಅಜ್ಜಿಯರು ಓದುವ ಪುಸ್ತಕಕ್ಕೆ ಗ್ಯಾರಮಂಡ್ ಹಾಕುವುದಾದರೆ 12 ಅಥವಾ 12.5ಕ್ಕಿಂತ ಕೆಳಗೆ ಇಳಿಯಬೇಡಿ.

ಇದೇ ಮನೆಯ ಇನ್ನೊಬ್ಬ ಸದಸ್ಯ ಕಾರ್ಮೊರಂಟ್. ಸ್ವಿಟ್ಜರ್ಲೆಂಡಿನ ಕ್ರಿಸ್ಟಿಯಾನ್ ಥಾಲ್ಮನ್ ಮಾಡಿದ್ದು. ಗ್ಯಾರಮಂಡ್‌ನಿಂದ ಸ್ಫೂರ್ತಿ ಪಡೆದು ದೊಡ್ಡ ಸೈಜಿಗೆಂದೇ ಬಿಡಿಸಿದ ಅಕ್ಷರ. ಬುಟೀಕು, ಕಾಫಿ ಎಸ್ಟೇಟಿನ ಹೋಮ್‌ಸ್ಟೇ, ಫೋಟೋಗ್ರಾಫರ್ ವೆಬ್‌ಸೈಟು, ಎಲ್ಲಿ ನೋಡಿದರೂ ಇದೇ. 40 ಪಾಯಿಂಟಿನಲ್ಲಿ ನೋಡಿದರೆ ಮನಸ್ಸು ಸೋಲುತ್ತದೆ. ಅದನ್ನೇ ಪ್ಯಾರಾಗೆ 14 ಪಿಕ್ಸೆಲ್‌ನಲ್ಲಿ, ‘ಲೈಟ್’ ಅನ್ನುವ ತೆಳು ರೂಪದಲ್ಲಿ, ತಿಳಿ ಬೂದು ಬಣ್ಣದಲ್ಲಿ ಹಾಕುತ್ತಾರಲ್ಲ, ಅದು ಓದುವವರ ಮೇಲೆ ಮಾಡುವ ಅನ್ಯಾಯ. ಕಾರ್ಮೊರಂಟ್ ತಲೆಬರಹಕ್ಕೆ, ಇಬಿ ಗ್ಯಾರಮಂಡ್ ಪ್ಯಾರಾಗೆ. ಎರಡೂ ಒಂದೇ ಮನೆಯವು, ಹೊಂದುತ್ತವೆ.

ಬ್ಯಾಸ್ಕರ್‌ವಿಲ್: ತೆಳುಗೆರೆಗಾಗಿ ಕಾಗದವನ್ನೇ ಬದಲಿಸಿದವನು

ಜಾನ್ ಬ್ಯಾಸ್ಕರ್‌ವಿಲ್ (1706–1775) ಬರ್ಮಿಂಗ್‌ಹ್ಯಾಮಿನವನು. ಮೊದಲು ಕೈಬರಹ ಕಲಿಸುವ ಮೇಷ್ಟ್ರು. ಗೋರಿಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಿದ್ದ. ಆಮೇಲೆ ಟ್ರೇ, ಡಬ್ಬಿಗಳಿಗೆ ಕಪ್ಪು ಮೆರುಗು ಕೊಡುವ ವ್ಯಾಪಾರದಲ್ಲಿ ಒಳ್ಳೇ ದುಡ್ಡು ಮಾಡಿದ. ಆ ದುಡ್ಡನ್ನು ಅಚ್ಚುಕೆಲಸಕ್ಕೆ ಸುರಿದ. 1757ರಲ್ಲಿ ವರ್ಜಿಲ್ ಕವಿಯ ಪುಸ್ತಕ ಹೊರಬಂತು, 1763ರಲ್ಲಿ ಕೇಂಬ್ರಿಡ್ಜ್‌ಗೆ ಬೈಬಲ್.

ಅವನ ಅಕ್ಷರದ ತೆಳುಗೆರೆ ಆ ಕಾಲದ ಒರಟು ಕಾಗದದಲ್ಲಿ ನಿಲ್ಲುತ್ತಿರಲಿಲ್ಲ. ಹಾಗಂತ ಅವನು ಗೆರೆ ದಪ್ಪ ಮಾಡಲಿಲ್ಲ. ಗೀರಿಲ್ಲದ ನುಣುಪು ಕಾಗದ ತರಿಸಿದ. ಶಾಯಿಯನ್ನು ಇನ್ನಷ್ಟು ಕಪ್ಪು ಮಾಡಿದ. ಅಚ್ಚಾದ ಹಾಳೆಯನ್ನು ಬಿಸಿ ತಾಮ್ರದ ತಗಡುಗಳ ನಡುವೆ ಒತ್ತಿ ಇಸ್ತ್ರಿ ಹೊಡೆದ ಹಾಗೆ ಮಾಡಿದ. ನನ್ನ ಹಾಸನದ ಕಾರ್ಡಿನ ಸಂಕಟಕ್ಕೆ 250 ವರ್ಷದ ಹಿಂದೆಯೇ ಒಬ್ಬ ಉತ್ತರ ಕಂಡುಕೊಂಡಿದ್ದ ಅಂತ ಓದಿದಾಗ ನನಗೆ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು.

ಜನ ಸುಮ್ನೆ ಬಿಟ್ಟರಾ? ಇಷ್ಟು ತೆಳು ಗೆರೆ ಓದಿದರೆ ದೇಶದವರ ಕಣ್ಣು ಹೋಗುತ್ತದೆ ಅಂತ ಒಬ್ಬ ದೊಡ್ಡ ಮನುಷ್ಯ ಬೆಂಜಮಿನ್ ಫ್ರಾಂಕ್ಲಿನ್ ಹತ್ತಿರ ದೂರಿದ. ಫ್ರಾಂಕ್ಲಿನ್ ಕೂಡ ಅಚ್ಚುಮನೆಯಲ್ಲಿ ದುಡಿದವನೇ. ಕ್ಯಾಸ್ಲನ್ ಅನ್ನುವ ಬೇರೊಬ್ಬನ ಮಾದರಿ ಹಾಳೆ ತೆಗೆದು, ಮೇಲಿನ ಹೆಸರು ಹರಿದು, "ಇದೇ ಬ್ಯಾಸ್ಕರ್‌ವಿಲ್‌ದು, ಎಲ್ಲಿ ತೊಂದರೆ ತೋರಿಸಿ" ಅಂತ ಮುಂದಿಟ್ಟ. ಆತ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ದೋಷ ತೋರಿಸುತ್ತಾ ಹೋದ! ಇದನ್ನು ಫ್ರಾಂಕ್ಲಿನ್ 1760ರಲ್ಲಿ ಬ್ಯಾಸ್ಕರ್‌ವಿಲ್‌ಗೇ ಕಾಗದ ಬರೆದು ತಿಳಿಸಿದ್ದಾನೆ. ಫಾಂಟು ಇಷ್ಟವಾಗಲಿಲ್ಲ ಅನ್ನುವ ಗಿರಾಕಿಗಳ ಮುಂದೆ ನನಗೆ ಈ ಕಥೆ ನೆನಪಾಗದ ದಿನ ಕಡಿಮೆ.

ಗುರುತು ಹಿಡಿಯುವುದು ಸುಲಭ. ದೊಡ್ಡ ‘ಕ್ಯೂ’ಗೆ ಉದ್ದ ಬಾಲ, ನವಿಲಿನ ಕತ್ತಿನ ಹಾಗೆ ಬಳುಕುತ್ತದೆ. ಚಿಕ್ಕ ‘ಜಿ’ಯ ಕೆಳಗಿನ ಕುಣಿಕೆ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ದೊಡ್ಡ ‘ಜೆ’ ಗೆರೆಯಿಂದ ಕೆಳಗೆ ಕಾಲು ಇಳಿಬಿಟ್ಟಿರುತ್ತದೆ. ಒಟ್ಟು ಮುಖಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿಯಂಥದು. ವಕೀಲರ ಲೆಟರ್‌ಹೆಡ್, ಸಂಸ್ಮರಣ ಗ್ರಂಥ, ಸಂಗೀತ ಸಭೆಯ ಆಹ್ವಾನ, ಶಾಲೆಯ ಸರ್ಟಿಫಿಕೇಟು, ಇವಕ್ಕೆಲ್ಲ ಗ್ಯಾರಮಂಡ್‌ಗಿಂತ ಇದು ಒಪ್ಪುತ್ತದೆ. ಹೆಸರಿನಲ್ಲಿ ಕ್ಯೂ, ಜೆ, ಆರ್ ಇದ್ದರೆ ಬ್ಯಾಸ್ಕರ್‌ವಿಲ್ ಒಮ್ಮೆ ಹಾಕಿ ನೋಡದೆ ಬಿಡಬೇಡಿ.

ವೆಬ್‌ಸೈಟಿಗೆ ‘ಲಿಬ್ರೆ ಬ್ಯಾಸ್ಕರ್‌ವಿಲ್’ ಇದೆ, ಅದೂ ಪುಕ್ಕಟೆ. ಪಾಬ್ಲೋ ಇಂಪಲ್ಲಾರಿ 1941ರ ಒಂದು ಅಮೆರಿಕನ್ ಬ್ಯಾಸ್ಕರ್‌ವಿಲ್ ಇಟ್ಟುಕೊಂಡು ಸ್ಕ್ರೀನಿಗಾಗಿ ತಿದ್ದಿದ್ದು. ಚಿಕ್ಕಕ್ಷರಗಳ ಮೈ ಎತ್ತರಿಸಿದ್ದಾರೆ, ಒಳಜಾಗ ಅಗಲಿಸಿದ್ದಾರೆ, ತೆಳುಗೆರೆಗೆ ಸ್ವಲ್ಪ ಮಾಂಸ ತುಂಬಿದ್ದಾರೆ. 16 ಪಿಕ್ಸೆಲ್‌ನಲ್ಲಿ ಕಡಿಮೆ ದರದ ಆಂಡ್ರಾಯ್ಡ್ ಫೋನಿನಲ್ಲೂ ಓದಬಹುದು. ಆದರೆ ಅಗಲ ಜಾಸ್ತಿ. ಪುಸ್ತಕಕ್ಕೆ ಹಾಕಿದರೆ ಪುಟ ಏರುತ್ತದೆ, ಕಾಗದದ ಬಿಲ್ಲೂ ಏರುತ್ತದೆ.

ಬೊಡೋನಿ: ಹೆಸರಿಗೆ ಮಾತ್ರ, ವಿಳಾಸಕ್ಕೆ ಬೇಡ

ಜಂಬಟಿಸ್ಟಾ ಬೊಡೋನಿ (1740–1813) ಇಟಲಿಯ ಪಾರ್ಮಾದಲ್ಲಿ ಅಲ್ಲಿನ ದೊರೆಯ ಅಚ್ಚುಮನೆ ನಡೆಸಿದವನು. ಅದೇ ಕಾಲಕ್ಕೆ ಪ್ಯಾರಿಸ್ಸಿನಲ್ಲಿ ಡಿಡೋ ಮನೆತನದವರೂ ಇದೇ ಹಾದಿಯಲ್ಲಿದ್ದರು. ಕಂಬ ದಪ್ಪ, ನೆಟ್ಟಗೆ. ಉಳಿದದ್ದೆಲ್ಲ ಕೂದಲೆಳೆ. ಸೆರಿಫ್ ಅನ್ನುವುದು ಬ್ಲೇಡಿನ ಅಂಚು. ಕಂಬಕ್ಕೆ ಬಾಗಿ ಸೇರುವ ಮಾತೇ ಇಲ್ಲ. ವೋಗ್ ಪತ್ರಿಕೆಯ ಮುಖಪುಟದ ಹೆಸರು ನೆನಪು ಮಾಡಿಕೊಳ್ಳಿ, ಅದು ಡಿಡೋ. ಫ್ಯಾಷನ್ ಅಂದರೆ ಈ ಅಕ್ಷರ ಅನ್ನುವಷ್ಟು ಎರಡೂ ಬೆರೆತುಹೋಗಿವೆ.

ಮುಖಪುಟದಲ್ಲಿ, ನುಣುಪು ಆರ್ಟ್ ಪೇಪರಿನಲ್ಲಿ, ಒಂದೋ ಎರಡೋ ಪದಕ್ಕೆ ಇದರ ಮುಂದೆ ಯಾವುದೂ ನಿಲ್ಲುವುದಿಲ್ಲ. ಒಡವೆ, ಅತ್ತರು, ರೇಷ್ಮೆ ಅಂದರೆ ಸರಿ. ಪ್ಯಾರಾಗೆ ಇಳಿಸಿದಿರೋ, ತೆಳುಗೆರೆಗಳೆಲ್ಲ ಕಣ್ಮರೆಯಾಗಿ ಕಂಬಗಳು ಮಾತ್ರ ಕಿಟಕಿಯ ಸರಳಿನ ಹಾಗೆ ಸಾಲಾಗಿ ನಿಲ್ಲುತ್ತವೆ. ಎರಡು ನಿಮಿಷದಲ್ಲಿ ಕಣ್ಣು ಕುಕ್ಕುತ್ತದೆ.

ಇದು ಬೊಡೋನಿಯ ಕಾಲದಲ್ಲಿ ಇರದಿದ್ದ ತೊಂದರೆ. ಅಚ್ಚುಮೊಳೆಯ ದಿನಗಳಲ್ಲಿ ಪ್ರತಿ ಸೈಜಿಗೂ ಬೇರೆ ಅಕ್ಷರ ಕೆತ್ತುತ್ತಿದ್ದರು. ಚಿಕ್ಕ ಸೈಜಿನದಕ್ಕೆ ತೆಳುಗೆರೆಯನ್ನು ಕೊಂಚ ದಪ್ಪವೇ ಇಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಎಲ್ಲಕ್ಕೂ ಬಳಸಿದೆವು, ಅಲ್ಲಿ ಎಡವಿದೆವು. 1990ರ ದಶಕದ ಆರಂಭದಲ್ಲಿ ಹಾರ್ಪರ್ಸ್ ಬಜಾರ್ ಪತ್ರಿಕೆಗಾಗಿ ಜೊನಾಥನ್ ಹೆಫ್ಲರ್ ಡಿಡೋ ಮಾಡಿದಾಗ ಇದಕ್ಕಾಗಿಯೇ ಏಳು ಸೈಜುಗಳಿಗೆ ಏಳು ರೂಪ ಕೊಟ್ಟರು. ಈಗ ‘ಬೊಡೋನಿ ಮೋಡಾ’ ಅನ್ನುವ ಪುಕ್ಕಟೆ ಫಾಂಟಿನಲ್ಲೂ ಈ ಸೌಲಭ್ಯ ಇದೆ. 6 ಪಾಯಿಂಟಿನಿಂದ 96ರ ತನಕ ಗೆರೆಯ ದಪ್ಪ ತಾನಾಗಿಯೇ ಹೊಂದಿಕೊಳ್ಳುತ್ತದೆ. ನಾನು ಅವತ್ತು ಹಾಕಿದ್ದು ದೊಡ್ಡ ಸೈಜಿಗೆ ಮಾಡಿದ ಯಾವುದೋ ಹಳೇ ಬೊಡೋನಿ. ಈ ಮೋಡಾ ಕೈಯಲ್ಲಿದ್ದಿದ್ದರೆ ಹಾಸನದ ಎಚ್ ಉಳಿಯುತ್ತಿತ್ತೋ ಏನೋ.

ನಡುವೆ ಪ್ಲೇಫೇರ್ ಡಿಸ್‌ಪ್ಲೇ ಬಗ್ಗೆ ಎರಡು ಮಾತು. ಡೆನ್ಮಾರ್ಕಿನ ಕ್ಲಾಸ್ ಎಗರ್ಸ್ ಸೋರೆನ್‌ಸನ್ ಮಾಡಿದ್ದು, 2011ರದು. ಬ್ಯಾಸ್ಕರ್‌ವಿಲ್‌ಗೂ ಬೊಡೋನಿಗೂ ಮಧ್ಯದ ರುಚಿ. ತಲೆಬರಹಕ್ಕೆ ಗಟ್ಟಿಮುಟ್ಟು. ಆದರೆ ಆನ್‌ಲೈನ್ ಟೆಂಪ್ಲೇಟುಗಳಲ್ಲಿ ಎಷ್ಟು ಬಳಸಿದ್ದಾರೆ ಅಂದರೆ ಈಗ ಅದನ್ನು ನೋಡಿದ ತಕ್ಷಣ ಟೆಂಪ್ಲೇಟು ಅಂತಲೇ ಅನ್ನಿಸುತ್ತದೆ.

ಕನ್ನಡದ ಪಕ್ಕ ಕೂರಿಸುವಾಗ

ನಮ್ಮಲ್ಲಿ ಬರೀ ಇಂಗ್ಲಿಷಿನ ಕೆಲಸ ಕಡಿಮೆ. ಕಾರ್ಡಿನ ಒಂದು ಮಗ್ಗುಲು ಕನ್ನಡ, ಇನ್ನೊಂದು ಇಂಗ್ಲಿಷ್. ಅಂಗಡಿ ಬೋರ್ಡಿನಲ್ಲಂತೂ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಅಂತ 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಹಾಗಾಗಿ ಬೋರ್ಡಿಗೆ ಮೊದಲು ಕನ್ನಡದ ಅಕ್ಷರ ಆರಿಸಿ, ಆಮೇಲೆ ಅದಕ್ಕೆ ಹೊಂದುವ ಇಂಗ್ಲಿಷ್ ಹುಡುಕಿ. ಬಹಳ ಜನ ಉಲ್ಟಾ ಮಾಡುತ್ತಾರೆ.

ಗ್ಯಾರಮಂಡ್ ಜೊತೆಗೆ ನಾನು ಇಡುವುದು ತಿರೋ ಕನ್ನಡ. ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಪುಸ್ತಕಮಾಲೆಗಾಗಿ ಹುಟ್ಟಿದ ಅಕ್ಷರ ಅದು. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಇಂಗ್ಲಿಷ್ ಅನುವಾದ ಬರುವ ಪುಸ್ತಕಗಳಿಗೆ ಮಾಡಿದ್ದರಿಂದ ಪುಸ್ತಕದ ಗುಣ ಅದರ ರಕ್ತದಲ್ಲೇ ಇದೆ. ಬೋಲ್ಡ್ ಇಲ್ಲ, ಅದೊಂದು ಕೊರತೆ. ಬೋಲ್ಡ್ ಬೇಕೇ ಬೇಕು ಅನ್ನುವವರಿಗೆ ನೋಟೋ ಸೆರಿಫ್ ಕನ್ನಡ ಇದೆ, ಅದು ಲಿಬ್ರೆ ಬ್ಯಾಸ್ಕರ್‌ವಿಲ್ ಜೊತೆ ಸಲೀಸಾಗಿ ಹೋಗುತ್ತದೆ. ಬೊಡೋನಿಗೆ ಜೋಡಿಯಾಗುವ ಕನ್ನಡ ಅಕ್ಷರ ನನಗಿನ್ನೂ ಸಿಕ್ಕಿಲ್ಲ. ಕನ್ನಡದ ಸುರುಳಿಗಳಲ್ಲಿ ಅಷ್ಟು ದಪ್ಪ-ತೆಳು ತಂದರೆ ಓದಲು ಆಗುವುದಿಲ್ಲ. ಅಲ್ಲಿ ನಾನು ಉಲ್ಟಾ ಹೋಗಿ ‘ಅನೇಕ್ ಕನ್ನಡ’ ಅನ್ನುವ ಫಾಂಟಿನ ಒಂದೇ ದಪ್ಪದ ಗೆರೆ ಇಡುತ್ತೇನೆ. ಎರಡೂ ಬೇರೆ ಬೇರೆ ಅಂತ ಒಪ್ಪಿಕೊಂಡರೆ ಜಗಳ ಇರುವುದಿಲ್ಲ.

ಒಂದೇ ಸಾಲಿನಲ್ಲಿ ಎರಡೂ ಬಂದರೆ ಪಾಯಿಂಟ್ ಲೆಕ್ಕ ಮರೆತು ಕಣ್ಣಳತೆಯಲ್ಲಿ ನೋಡಿ. ಕನ್ನಡ 12 ಇದ್ದರೆ ಗ್ಯಾರಮಂಡ್ 13ಕ್ಕೆ ಏರಿಸಬೇಕಾಗುತ್ತದೆ, ಲಿಬ್ರೆ ಬ್ಯಾಸ್ಕರ್‌ವಿಲ್ 11ಕ್ಕೆ ಇಳಿಸಬೇಕಾಗುತ್ತದೆ. ಸಾಲುಗಳ ನಡುವಿನ ಜಾಗವನ್ನು ‘ರಾಷ್ಟ್ರ’, ‘ಸ್ತ್ರೀ’ ಥರದ ಪದ ಇಟ್ಟು ಪರೀಕ್ಷಿಸಿ. ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗಬಾರದು.

ಇನ್ನು ಅಂಕಿ. ಪ್ಲೇಫೇರ್, ಕಾರ್ಮೊರಂಟ್ ಎರಡರಲ್ಲೂ ಅಂಕಿಗಳು ಹಳೇ ಶೈಲಿಯಲ್ಲಿ ಏರಿಳಿಯುತ್ತವೆ. 3, 5, 9 ಕೆಳಗೆ ಜಾರುತ್ತವೆ, 1, 2 ಕುಳ್ಳಗಿರುತ್ತವೆ. ಕಥೆಯ ನಡುವೆ ಇಸವಿ ಬಂದರೆ ಚೆಂದ. ಫೋನ್ ನಂಬರಿನಲ್ಲಿ, ಮೆನು ಕಾರ್ಡಿನ ರೇಟಿನಲ್ಲಿ ಕುಣಿದಾಡಿದ ಹಾಗೆ ಕಾಣುತ್ತದೆ. ಫಾಂಟಿನ ಸೆಟ್ಟಿಂಗಿನಲ್ಲಿ ‘ಲೈನಿಂಗ್’ ಅಂಕಿ ಆರಿಸಿದರೆ ಸಾಲಾಗಿ ನಿಲ್ಲುತ್ತವೆ. ರೂಪಾಯಿ ಚಿಹ್ನೆ ಬಂದದ್ದೇ 2010ರಲ್ಲಿ. ಅದಕ್ಕಿಂತ ಹಳೇ ಫಾಂಟು ಫೈಲುಗಳಲ್ಲಿ ಅದರ ಜಾಗದಲ್ಲಿ ಖಾಲಿ ಡಬ್ಬಿ ಬರುತ್ತದೆ. ಹೋಟೆಲ್ ಮೆನು ಮಾಡುವವರು ಮೊದಲು ಅದನ್ನು ಟೈಪ್ ಮಾಡಿ ನೋಡಿಕೊಳ್ಳಿ.

ಬೋರ್ಡಿನ ಕೆಲಸಕ್ಕೆ ಲೆಕ್ಕ ಬೇರೆ. ಆಕ್ರಿಲಿಕ್ ಕತ್ತರಿಸಿ ಒಳಗೆ ಎಲ್‌ಇಡಿ ಕೂರಿಸುವ ಅಕ್ಷರಕ್ಕೆ ಬೊಡೋನಿಯ ತೆಳುಗೆರೆ ಆಗುವುದೇ ಇಲ್ಲ, ಲೈಟು ಕೂರುವಷ್ಟು ಜಾಗ ಇರುವುದಿಲ್ಲ. ಬ್ಯಾಸ್ಕರ್‌ವಿಲ್ ಬೋಲ್ಡ್ ಹಾಕಿ, ಅಕ್ಷರದ ನಡುವೆ ಜಾಗ ಸ್ವಲ್ಪ ಬಿಡಿಸಿ. ಮರೂನ್ ಬಣ್ಣದ ಮೇಲೆ ಬಿಳಿ ಅಕ್ಷರ ಬಿಡುವ ಆಫ್‌ಸೆಟ್ ಕೆಲಸಕ್ಕೂ ಇದೇ ಮಾತು. ಒಂದೊಂದು ಬಣ್ಣದ ಶಾಯಿಗೆ ಒಂದರಂತೆ ಇರುವ ನಾಲ್ಕು ಪ್ಲೇಟುಗಳಲ್ಲಿ ಒಂದು ಕೂದಲಷ್ಟು ಸರಿದರೂ ತೆಳುಗೆರೆ ಶಾಯಿಯಲ್ಲಿ ಮುಚ್ಚಿಹೋಗುತ್ತದೆ.

ಬೆಂಗಳೂರಿನ ಸುಲ್ತಾನ್‌ಪೇಟೆಗೆ ಕಾರ್ಡು ಆರಿಸಲು ಹೋಗುವವರು ಒಂದು ಕೆಲಸ ಮಾಡಿ. ಇಷ್ಟವಾದ ಕಾರ್ಡಿನ ಖಾಲಿ ತುಂಡೊಂದನ್ನು ಕೇಳಿ ತನ್ನಿ. ನಿಮ್ಮ ಅತಿ ಚಿಕ್ಕ ಸಾಲನ್ನು, ಅಂದರೆ ವಿಳಾಸವನ್ನು, ಮೂರೂ ಫಾಂಟಿನಲ್ಲಿ ಅದೇ ತುಂಡಿನ ಮೇಲೆ ಪ್ರಿಂಟ್ ತೆಗೆಸಿ. ಕೈ ಚಾಚಿ ಹಿಡಿದು, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಕನ್ನಡಕ ಹಾಕುವ ಯಾರಿಗಾದರೂ ತೋರಿಸಿ ಜೋರಾಗಿ ಓದಲು ಹೇಳಿ. ಫಾಯಿಲ್ ಮಾಡಿಸುವುದಾದರೆ ಪೂರ್ತಿ ಆರ್ಡರಿಗೆ ಮುಂಚೆ ಒಂದೇ ಒಂದು ಕಾರ್ಡು ಒತ್ತಿಸಿ ನೋಡಿ. ಫಾಯಿಲ್ ಒತ್ತುವ ಡೈ, ಅಂದರೆ ಲೋಹದ ಅಚ್ಚು, ಹೇಗಿದ್ದರೂ ಮಾಡಿಸಲೇಬೇಕು. ಆ ಒಂದು ಕಾರ್ಡಿನಲ್ಲಿ ಮೊದಲು ಎಚ್ ಹುಡುಕಿ.